ಲೈನ್ ಮನೆ ಹುಟ್ಟಿದ ಬಗೆ: ಕಾಫಿ ಎಸ್ಟೇಟು, ಮುಂಗಡ ಮತ್ತು ಕೂಲಿಯ ಇತಿಹಾಸ

2025ರ ನವೆಂಬರ್ 21ರಂದು ದೇಶದಲ್ಲಿ ನಾಲ್ಕು ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. ಅವು ತೆಗೆದುಹಾಕಿದ 29 ಹಳೆಯ ಕಾನೂನುಗಳಲ್ಲಿ 1951ರ ಪ್ಲಾಂಟೇಷನ್ ಕಾರ್ಮಿಕರ ಕಾಯ್ದೆಯೂ ಒಂದು. ಅದು ಮಲೆನಾಡಿನಲ್ಲಿ ಅರೇಬಿಕಾ ಕಾಫಿಯ ಕುಯ್ಲು ಆರಂಭವಾಗುವ ಹೊತ್ತು. ಚಿಕ್ಕಮಗಳೂರು, ಹಾಸನ, ಕೊಡಗಿನ ತೋಟಗಳಲ್ಲಿ ದುಡಿಯುವವರಿಗೂ ತೋಟ ನಡೆಸುವವರಿಗೂ ಸಹಜವಾಗಿಯೇ ಕೆಲವು ಪ್ರಶ್ನೆಗಳು ಎದುರಾದವು: ಎಸ್ಟೇಟಿನ ಕೂಲಿಗಳು ವಾಸಿಸುವ ಸಾಲು ಕೋಣೆಗಳಾದ ಲೈನ್ ಮನೆಗಳ ಗತಿ ಏನು, ಆಸ್ಪತ್ರೆ ಖರ್ಚು ಯಾರದು, ಹೊರ ರಾಜ್ಯಗಳಿಂದ ಬಂದವರು ಯಾವ ಲೆಕ್ಕಕ್ಕೆ ಸೇರುತ್ತಾರೆ.

ಇವುಗಳಿಗೆ ಉತ್ತರ ತಿಳಿಯಬೇಕಾದರೆ ಮೊದಲು ಇನ್ನೊಂದು ಪ್ರಶ್ನೆಯನ್ನು ಕೇಳಿಕೊಳ್ಳಬೇಕು. ಭತ್ತದ ಗದ್ದೆಯ ಮಾಲೀಕ ನಾಟಿಗೆ ಬಂದವರಿಗೆ ಕೂಲಿ ಕೊಡುತ್ತಾನೆ, ಊಟವನ್ನೂ ಹಾಕಬಹುದು, ಆದರೆ ಮನೆ ಕಟ್ಟಿಕೊಡಬೇಕೆಂದು ಯಾವ ಕಾನೂನೂ ಅವನಿಗೆ ಹೇಳಿಲ್ಲ. ಕಾಫಿ ಎಸ್ಟೇಟಿನ ಮಾಲೀಕನಿಗೆ ಮಾತ್ರ ಕಾನೂನು ಹಾಗೆ ಹೇಳಿದ್ದೇಕೆ?

ತೋಟ ಬೇರೆ, ಎಸ್ಟೇಟು ಬೇರೆ

ಕನ್ನಡದಲ್ಲಿ ‘ತೋಟ’ ಎಂಬ ಪದಕ್ಕೆ ಅರ್ಥ ವಿಶಾಲ. ಮನೆಯ ಹಿಂದಿನ ಅರ್ಧ ಎಕರೆ ಅಡಿಕೆಯೂ ತೋಟವೇ, ಸಾವಿರ ಎಕರೆ ಕಾಫಿಯೂ ತೋಟವೇ. ಆದರೂ ಮಲೆನಾಡಿನವರು ಮಾತನಾಡುವಾಗ ಎರಡನೆಯದನ್ನು ‘ಎಸ್ಟೇಟು’ ಎಂದು ಬೇರೆಯಾಗಿ ಗುರುತಿಸುತ್ತಾರೆ, ಮತ್ತು ಆ ವ್ಯತ್ಯಾಸ ಬರೀ ಅಳತೆಯದ್ದಲ್ಲ. ಅಡಿಕೆ ತೋಟವು ಮನೆಯ ಅಂಗವಾಗಿ, ಮನೆಯವರ ಮತ್ತು ಊರಿನವರ ದುಡಿಮೆಯಿಂದ ನಡೆಯುತ್ತದೆ. ಎಸ್ಟೇಟು, ಅಂದರೆ ಪ್ಲಾಂಟೇಷನ್, ಒಂದೇ ಬೆಳೆಯನ್ನು ದೂರದ ಮಾರುಕಟ್ಟೆಗಾಗಿ ದೊಡ್ಡ ಪ್ರಮಾಣದಲ್ಲಿ ಬೆಳೆಯುವ ವ್ಯವಸ್ಥೆ. ಕಬ್ಬು, ಕಾಫಿ, ಚಹಾ, ರಬ್ಬರ್ ಎಲ್ಲವೂ ಉಷ್ಣವಲಯದಲ್ಲಿ ಬೆಳೆಯುವಂಥವು, ಆದರೆ ಅವುಗಳನ್ನು ಕೊಳ್ಳುವವರು ಬಹುಪಾಲು ಚಳಿ ದೇಶಗಳಲ್ಲಿದ್ದರು. ಬೆಳೆಯುವ ಜಾಗಗಳೋ ಹೆಚ್ಚಾಗಿ ಕಾಡು, ಕಣಿವೆ, ಗುಡ್ಡ. ಅಲ್ಲಿ ಭೂಮಿ ಅಗ್ಗಕ್ಕೆ ಸಿಗುತ್ತಿತ್ತು, ಜನ ಸಿಗುತ್ತಿರಲಿಲ್ಲ. ಹಾಗಾಗಿ ಪ್ಲಾಂಟೇಷನ್ ಕೃಷಿಯ ಚರಿತ್ರೆ ಬೆಳೆಯ ಚರಿತ್ರೆಗಿಂತ ಹೆಚ್ಚಾಗಿ ಆಳಿನ ಚರಿತ್ರೆಯಾಗಿದೆ.

ಹಣ್ಣು ಕಾಯುವುದಿಲ್ಲ

ಆಳಿನ ಪ್ರಶ್ನೆ ಇಷ್ಟು ತೀವ್ರವಾಗಲು ಕಾರಣ ಗಿಡದ ಸ್ವಭಾವದಲ್ಲೇ ಇದೆ.

ಮಾರ್ಚ್–ಏಪ್ರಿಲಿನಲ್ಲಿ ಹೂಮಳೆ ಬಿದ್ದರೆ ಕಾಫಿ ಗಿಡ ಕೆಲವೇ ದಿನಗಳಲ್ಲಿ ಬೆಳ್ಳಗೆ ಹೂಬಿಡುತ್ತದೆ. ಅಲ್ಲಿಂದ ಎಂಟೊಂಬತ್ತು ತಿಂಗಳಿಗೆ ಅರೇಬಿಕಾ ಹಣ್ಣಾಗುತ್ತದೆ, ಇನ್ನೊಂದು ಬಗೆಯ ಕಾಫಿಯಾದ ರೋಬಸ್ಟಾಕ್ಕೆ ಇನ್ನೂ ಒಂದೆರಡು ತಿಂಗಳು ಹೆಚ್ಚು ಬೇಕು. ಹಣ್ಣೆಲ್ಲ ಒಂದೇ ದಿನ ಕೆಂಪಾಗುವುದಿಲ್ಲ. ಒಂದೇ ರೆಕ್ಕೆಯಲ್ಲಿ, ಅಂದರೆ ಕೊಂಬೆಯಲ್ಲಿ, ನಾಲ್ಕು ಹಣ್ಣು, ಆರು ಕಾಯಿ, ಎರಡು ಒಣಗಿದವು ಒಟ್ಟಿಗೆ ಇರುತ್ತವೆ. ಸೊಂಟಕ್ಕೆ ಚೀಲ ಕಟ್ಟಿಕೊಂಡ ಹೆಂಗಸು ಎಡಗೈಯಿಂದ ರೆಕ್ಕೆಯನ್ನು ಬಗ್ಗಿಸಿ ಹಿಡಿದು, ಬಲಗೈ ಬೆರಳುಗಳಿಂದ ಹಣ್ಣನ್ನಷ್ಟೇ ಬಿಡಿಸುತ್ತಾಳೆ. ಮುಂದಿನ ವರ್ಷ ಹೂ ಬರಬೇಕಾದ ಗಿಣ್ಣು ಕಿತ್ತುಬರಬಾರದು. ಸಂಜೆ ಎಲ್ಲರೂ ಚೀಲಗಳನ್ನು ಹೊತ್ತು ತೂಕದ ಜಾಗಕ್ಕೆ ಬಂದು, ನೆಲಕ್ಕೆ ಹಾಸಿದ ಗೋಣಿಯ ಮೇಲೆ ಸುರಿದು, ಹಸಿರುಕಾಯಿ, ಎಲೆ, ಕಡ್ಡಿಗಳನ್ನು ಆರಿಸಿ ತೆಗೆಯುತ್ತಾರೆ. ಆಮೇಲೆ ತೂಕ, ಎಸ್ಟೇಟಿನ ಗುಮಾಸ್ತನಾದ ರೈಟರ್ ಬಳಿ ಇರುವ ಪುಸ್ತಕದಲ್ಲಿ ಕೆ.ಜಿ. ಲೆಕ್ಕ. ಪಲ್ಪಿಂಗ್ (ಹಣ್ಣಿನ ಸಿಪ್ಪೆ ಸುಲಿಯುವುದು) ಮಾಡುವ ತೋಟವಾದರೆ ಆ ಹಣ್ಣು ಅದೇ ದಿನ ಯಂತ್ರಕ್ಕೆ ಹೋಗಬೇಕು. ರಾಶಿಯಲ್ಲೇ ಉಳಿದರೆ ಹುಳಿಯಾಗಿ ಬೀಜದ ರುಚಿ ಕೆಡುತ್ತದೆ. ಗಿಡದಲ್ಲೇ ಬಿಟ್ಟರೆ ಒಣಗಿ ಉದುರುತ್ತದೆ, ಉದುರಿದ ಹಣ್ಣಿನಲ್ಲಿ ಬೆರ್ರಿ ಬೋರರ್ ಹುಳು ಮರಿ ಮಾಡುತ್ತದೆ.

ಮದುವೆ ಮನೆಯಲ್ಲಿ ಎಲೆ ಹಾಕಿದ ಮೇಲೆ ಬಡಿಸುವವರು ಬರಲಿಲ್ಲವೆಂದರೆ ಅಡುಗೆ ಎಷ್ಟು ಚೆನ್ನಾಗಿದ್ದರೂ ಪ್ರಯೋಜನವಿಲ್ಲ. ಎಸ್ಟೇಟಿನ ಸ್ಥಿತಿಯೂ ಅಂಥದ್ದೇ. ವರ್ಷವಿಡೀ ಚಿಗುರು ತೆಗೆಯಲು, ನೆರಳು ಮರಗಳ ಕೊಂಬೆ ಸವರುವ ಮರಗಸಿಗೆ, ಗೊಬ್ಬರಕ್ಕೆ ಹಾಕಿದ ಬಂಡವಾಳವೆಲ್ಲ ಕೈಗೆ ಬರಬೇಕಾದದ್ದು ಕುಯ್ಲಿನ ಕೆಲವು ವಾರಗಳಲ್ಲಿ, ಮತ್ತು ಆ ವಾರಗಳಲ್ಲಿ ಆಳು ಅಲ್ಲೇ ಇರಬೇಕು. ಸಾಲುಸಾಲಾಗಿ ಬಂದ ಕಾರ್ಮಿಕ ಪದ್ಧತಿಗಳೆಲ್ಲ ಈ ಒಂದು ಅಗತ್ಯಕ್ಕೆ ಮಾಲೀಕರು ಬೇರೆ ಬೇರೆ ಕಾಲದಲ್ಲಿ ಕಂಡುಕೊಂಡ ಉಪಾಯಗಳು.

ಸಂಕೋಲೆಯಿಂದ ಕರಾರಿಗೆ

ಮೊದಲ ಉಪಾಯ ಗುಲಾಮಗಿರಿ. ಕಡಿದ ಕಬ್ಬನ್ನು ಒಂದೆರಡು ದಿನದೊಳಗೆ ಅರೆಯದಿದ್ದರೆ ಸಕ್ಕರೆಯ ಅಂಶ ಇಳಿಯುತ್ತದೆ. ಆದ್ದರಿಂದ ಗದ್ದೆಯಲ್ಲೂ ಗಾಣದಲ್ಲೂ ಹಗಲಿರುಳು ದುಡಿಯುವ ಜನ ಬೇಕಾಗುತ್ತಿತ್ತು. ಬ್ರೆಜಿಲ್ ಮತ್ತು ಕೆರಿಬಿಯನ್ ದ್ವೀಪಗಳ ಕಬ್ಬಿನ ಎಸ್ಟೇಟುಗಳು ಆ ಜನರನ್ನು ಆಫ್ರಿಕಾದಿಂದ ಕೊಂಡು ತಂದವು. 16ರಿಂದ 19ನೇ ಶತಮಾನದವರೆಗೆ ಅಟ್ಲಾಂಟಿಕ್ ದಾಟುವ ಹಡಗುಗಳಿಗೆ ಹತ್ತಿಸಿದವರ ಸಂಖ್ಯೆ ಸುಮಾರು 1 ಕೋಟಿ 25 ಲಕ್ಷ. ಅವರಲ್ಲಿ ಸುಮಾರು 18 ಲಕ್ಷ ಮಂದಿ ಆಚೆ ದಡ ಕಾಣಲಿಲ್ಲ.

ಬ್ರಿಟಿಷ್ ಸಂಸತ್ತು 1833ರಲ್ಲಿ ಗುಲಾಮಗಿರಿಯನ್ನು ರದ್ದುಮಾಡುವ ಕಾನೂನು ಮಾಡಿತು, ಮರುವರ್ಷ ಅದು ಜಾರಿಗೆ ಬಂತು. ಕಬ್ಬು ಮಾತ್ರ ನಿಲ್ಲಲಿಲ್ಲ. 1834ರ ನವೆಂಬರಿನಲ್ಲಿ ‘ಅಟ್ಲಾಸ್’ ಎಂಬ ಹಡಗು ಭಾರತದ ಕೂಲಿಗಳನ್ನು ಹೊತ್ತು ಮಾರಿಷಸ್ ತಲುಪಿತು. ಅವರು ಗುಲಾಮರಲ್ಲ, ಸಾಮಾನ್ಯವಾಗಿ ಐದು ವರ್ಷ ದುಡಿಯುತ್ತೇವೆಂದು ಒಪ್ಪಂದದ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದವರು. ‘ಅಗ್ರಿಮೆಂಟ್’ ಎಂಬ ಪದ ಅವರ ನಾಲಗೆಯಲ್ಲಿ ‘ಗಿರ್ಮಿಟ್’ ಆಯಿತು, ಅವರು ಗಿರ್ಮಿಟಿಯಾಗಳಾದರು. ಗುಲಾಮನಿಗೂ ಗಿರ್ಮಿಟಿಯಾನಿಗೂ ಇದ್ದ ವ್ಯತ್ಯಾಸ ದೊಡ್ಡದು: ಇವನ ಮಕ್ಕಳು ಯಾರ ಆಸ್ತಿಯೂ ಆಗಿರಲಿಲ್ಲ, ಅವಧಿ ಮುಗಿದರೆ ಬಿಡುಗಡೆಯಿತ್ತು. ಆದರೆ ಆ ಐದು ವರ್ಷದೊಳಗೆ ಕೆಲಸ ಬಿಟ್ಟರೆ ಅದು ಕರಾರು ಮುರಿದ ಸಿವಿಲ್ ವ್ಯಾಜ್ಯವಾಗದೆ, ಜೈಲಿಗೆ ಹಾಕಬಹುದಾದ ಅಪರಾಧವಾಗುತ್ತಿತ್ತು. ಮಾರಿಷಸ್ ಒಂದಕ್ಕೇ ಸುಮಾರು ನಾಲ್ಕೂವರೆ ಲಕ್ಷ ಭಾರತೀಯರು ಹೀಗೆ ಹೋದರು. ಫಿಜಿ, ಟ್ರಿನಿಡಾಡ್, ಗಯಾನಾ, ಸುರಿನಾಮ್, ದಕ್ಷಿಣ ಆಫ್ರಿಕಾದ ನಟಾಲ್‌ಗಳಿಗೆ ಹೋದವರು ಬೇರೆ. 1917ರಲ್ಲಿ ಈ ಸಾಗಾಟ ನಿಂತಿತು.

ಕಂಗಾಣಿ, ಮೇಸ್ತ್ರಿ ಮತ್ತು ಮುಂಗಡ

ದಕ್ಷಿಣ ಭಾರತದ ಗುಡ್ಡಗಳಿಗೂ ಸಿಲೋನಿಗೂ, ಅಂದರೆ ಇಂದಿನ ಶ್ರೀಲಂಕಾಕ್ಕೂ, ಇಷ್ಟು ದೊಡ್ಡ ಸರ್ಕಾರಿ ವ್ಯವಸ್ಥೆ ಬೇಕಿರಲಿಲ್ಲ. ಆಳು ಬರಬೇಕಾದ ಊರುಗಳು ಹತ್ತಿರದಲ್ಲೇ ಇದ್ದವು. ಇಲ್ಲಿ ಬೆಳೆದ ಪದ್ಧತಿ ಬೇರೆ ಬಗೆಯದು; ಮಲೆನಾಡಿನ ಇಂದಿನ ಸ್ಥಿತಿ ಅರ್ಥವಾಗಬೇಕಾದರೆ ಇದನ್ನು ತುಸು ನಿಧಾನವಾಗಿಯೇ ನೋಡಬೇಕು.

ತಮಿಳಿನ ‘ಕಂಗಾಣಿ’ ಎಂದರೆ ಮೇಲ್ವಿಚಾರಕ, ಕಣ್ಣಿಟ್ಟು ನೋಡುವವನು. ಸಿಲೋನಿನ ಪ್ಲಾಂಟರ್ ಅವನ ಕೈಗೆ ಹಣ ಕೊಟ್ಟು ಅವನ ಊರಿಗೇ ಕಳುಹಿಸುತ್ತಿದ್ದ. ಕಂಗಾಣಿ ತನ್ನ ನೆಂಟರು, ಜಾತಿಯವರು, ಬರಗಾಲದಲ್ಲಿ ಕಂಗೆಟ್ಟ ಅಕ್ಕಪಕ್ಕದ ಊರಿನವರಿಗೆ ಮುಂಗಡ ಹಂಚಿ, ಅವರನ್ನು ಗುಂಪು ಕಟ್ಟಿಕೊಂಡು ಬರುತ್ತಿದ್ದ. ಆರಂಭದ ದಶಕಗಳಲ್ಲಿ ಈ ಗುಂಪುಗಳು ದೋಣಿಯಲ್ಲಿ ಮನ್ನಾರ್ ತಲುಪಿ, ಅಲ್ಲಿಂದ ನೂರು ಮೈಲಿಗೂ ಹೆಚ್ಚು ದೂರದ ಮಾತಳೆಯ ಬೆಟ್ಟಗಳಿಗೆ ಕಾಡಿನಲ್ಲಿ ನಡೆದೇ ಹೋಗುತ್ತಿದ್ದವು. ಕಾಲರಾ, ಜ್ವರ, ಹಸಿವಿನಿಂದ ದಾರಿಯಲ್ಲೇ ಬಿದ್ದವರು ಬಹಳ. ದಾರಿ ಖರ್ಚು, ಅಕ್ಕಿ, ಬಟ್ಟೆ ಎಲ್ಲವೂ ಕೂಲಿಯ ಹೆಸರಿಗೆ ಸಾಲವಾಗಿ ಬೀಳುತ್ತಿತ್ತು. ಕೆಲಸ ಶುರುವಾಗುವ ಮೊದಲೇ ಅವನು ಸಾಲಗಾರ.

ಸಾಲವು ಹಗ್ಗವಾಗುತ್ತಿದ್ದ ಬಗೆಯನ್ನು ಒಂದು ಸಣ್ಣ ಕಾಗದದಲ್ಲಿ ನೋಡಬಹುದು. ಅದರ ಹೆಸರು ‘ತುಂಡು’. ತಮಿಳಿನ ಪದವಾದರೂ ನಮಗೂ ಸಲೀಸಾಗಿ ಅರ್ಥವಾಗುವಂಥದ್ದು. ಈ ಕೂಲಿಗಳ ಮೇಲೆ ಇಷ್ಟು ಸಾಲವಿದೆ, ಅದನ್ನು ತೀರಿಸಿದರೆ ಬಿಟ್ಟುಕೊಡುತ್ತೇನೆ ಎಂದು ಒಬ್ಬ ಪ್ಲಾಂಟರ್ ಬರೆದುಕೊಡುವ ಚೀಟಿ ಅದು. ಇನ್ನೊಬ್ಬ ಪ್ಲಾಂಟರ್ ಆ ಮೊತ್ತ ಕಟ್ಟಿದರೆ ಕೂಲಿಗಳು ಸಾಲದ ಸಮೇತ ಅವನ ತೋಟಕ್ಕೆ ಹೋಗುತ್ತಿದ್ದರು. ತುಂಡು ಇಲ್ಲದವನಿಗೆ ಬೇರೆಲ್ಲೂ ಕೆಲಸ ಸಿಗುತ್ತಿರಲಿಲ್ಲ. ಮನುಷ್ಯರನ್ನು ಯಾರೂ ಮಾರುತ್ತಿರಲಿಲ್ಲ ನಿಜ. ಅವರ ಸಾಲ ಕೈಬದಲಾಗುತ್ತಿತ್ತು, ಮನುಷ್ಯರು ಅದರ ಹಿಂದೆ ನಡೆಯಬೇಕಾಗುತ್ತಿತ್ತು. 1921ರಲ್ಲಿ ಸಿಲೋನ್ ಸರ್ಕಾರ ಈ ಪದ್ಧತಿಯನ್ನು ರದ್ದುಮಾಡಿತು.

ಕನ್ನಡ ನಾಡಿನ ಎಸ್ಟೇಟುಗಳಲ್ಲಿ ಇದೇ ಕೆಲಸ ಮಾಡಿದವನು ಮೇಸ್ತ್ರಿ. ಕಾಫಿ ಇಲ್ಲಿಗೆ ಬಂದದ್ದು 17ನೇ ಶತಮಾನದಲ್ಲಿ, ಯೆಮೆನ್‌ನಿಂದ ಸೂಫಿ ಸಂತ ಬಾಬಾ ಬುಡನ್ ತಂದ ಏಳು ಬೀಜಗಳಿಂದ ಎಂಬುದು ಪ್ರತೀತಿ. ಆದರೆ ಬಹುಕಾಲ ಅದು ಹಿತ್ತಿಲ ಬೆಳೆಯಾಗಿಯೇ ಉಳಿದಿತ್ತು. 19ನೇ ಶತಮಾನದಲ್ಲಿ ಯುರೋಪಿಯನ್ ಪ್ಲಾಂಟರ್‌ಗಳು ಬಂದ ಮೇಲೆ ಅದು ಎಸ್ಟೇಟಿನ ಬೆಳೆಯಾಯಿತು. 1834ರಲ್ಲಿ ಬ್ರಿಟಿಷರ ವಶವಾದ ಕೊಡಗಿನಲ್ಲಿ ಫೌಲರ್ ಎಂಬುವರು 1854ರಲ್ಲಿ ಮಡಿಕೇರಿಯ ಬಳಿ ಮೊದಲ ಯುರೋಪಿಯನ್ ತೋಟ ಮಾಡಿದರು. ಸ್ಥಳೀಯ ಗೌಡರು, ಕೊಡವರು ಮತ್ತು ಇತರರೂ ಕಾಫಿಗೆ ಇಳಿದರು. ಬೇಕಾದಷ್ಟು ಆಳು ಮಾತ್ರ ಸುತ್ತಲ ಊರುಗಳಲ್ಲಿ ಇರಲಿಲ್ಲ. ಮೇಸ್ತ್ರಿಗಳು ಘಟ್ಟದ ಕೆಳಗಿನ ತುಳುನಾಡಿಗೆ, ಬಯಲುಸೀಮೆಗೆ, ತಮಿಳು ಜಿಲ್ಲೆಗಳಿಗೆ ಮುಂಗಡದ ಹಣ ಹಿಡಿದು ಹೋದರು. ಅಲ್ಲಿನ ಬಡ ಕುಟುಂಬಗಳು ಊರಿನ ಕೊಯ್ಲು ಮುಗಿಸಿ ಘಟ್ಟ ಹತ್ತಿ, ಕಾಫಿ ಕೆಲಸ ಮುಗಿದ ಮೇಲೆ ಇಳಿಯುವುದು ವರ್ಷವರ್ಷದ ಪರಿಪಾಠವಾಯಿತು.

ಮುಂಗಡ ಪಡೆದವನು ಬರದಿದ್ದರೆ? ಅದಕ್ಕೆ 1859ರ ಕಾನೂನೊಂದಿತ್ತು. ಮುಂಗಡ ಪಡೆದು ಕೆಲಸಕ್ಕೆ ಬಾರದವನನ್ನು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಿ, ಹಣ ವಾಪಸು ಕೊಡು ಇಲ್ಲವೇ ಕೆಲಸ ಮಾಡು ಎಂದು ಆದೇಶ ಮಾಡಿಸಬಹುದಿತ್ತು. ಅದನ್ನೂ ಮೀರಿದರೆ ಮೂರು ತಿಂಗಳವರೆಗೆ ಸೆರೆವಾಸ. ಕಲ್ಕತ್ತ, ಮದ್ರಾಸು, ಬೊಂಬಾಯಿ ನಗರಗಳ ಕುಶಲಕರ್ಮಿಗಳನ್ನು ಉದ್ದೇಶಿಸಿ ಮಾಡಿದ ಈ ಕಾನೂನು ಕೊಡಗು ಮತ್ತು ಮೈಸೂರಿನ ಕಾಫಿ ಕೂಲಿಗಳ ಮೇಲೂ ಪ್ರಯೋಗವಾಯಿತು. ಅಸ್ಸಾಮಿನ ಚಹಾ ತೋಟಗಳಲ್ಲಿ ಪರಿಸ್ಥಿತಿ ಇನ್ನೂ ಕಠಿಣವಾಗಿತ್ತು: 1865ರ ಕಾನೂನು ಓಡಿಹೋದ ಕೂಲಿಯನ್ನು ವಾರಂಟ್ ಇಲ್ಲದೆ ಹಿಡಿಯುವ ಅಧಿಕಾರವನ್ನು ಪ್ಲಾಂಟರ್‌ಗೇ ಕೊಟ್ಟಿತ್ತು. 1859ರ ಕಾನೂನನ್ನು ಹಿಂತೆಗೆಯುವ ಕಾಯ್ದೆ ಬಂದದ್ದು 1925ರಲ್ಲಿ.

ಕೊಡಗಿನಲ್ಲಿ ಈ ಕಥೆಗೆ ಇನ್ನೊಂದು ಪದರವಿದೆ. ಕಾಫಿ ಬರುವ ಮೊದಲೇ ಎರವರು ಎಂಬ ಆದಿವಾಸಿಗಳು ಅಲ್ಲಿನ ಭೂಮಾಲೀಕರ ಗದ್ದೆಗಳಲ್ಲಿ ಜೀತದಾಳುಗಳಾಗಿದ್ದರು. ಗದ್ದೆಯ ಜೊತೆಗೆ ಕಾಫಿ ತೋಟವೂ ಬಂದಾಗ ಆ ಬಂಧನ ತೋಟಕ್ಕೂ ವಿಸ್ತರಿಸಿತು. ಭಾರತದಲ್ಲಿ ಗುಲಾಮಗಿರಿಗೆ ಕಾನೂನಿನ ಮಾನ್ಯತೆಯನ್ನು ತೆಗೆದದ್ದು 1843ರಲ್ಲಿ, ಜೀತ ನಿಷೇಧದ ಕಾಯ್ದೆ ಬಂದದ್ದು 1976ರಲ್ಲಿ. ನಡುವೆ ಸಂದದ್ದು 133 ವರ್ಷ.

ಮನೆಯೂ ಒಂದು ಹಗ್ಗವಾದದ್ದು

ಲೈನ್ ಮನೆ ಎಂದರೆ ಒಂದೇ ಸೂರಿನ ಕೆಳಗೆ ಗೋಡೆ ಹಂಚಿಕೊಂಡು ಸಾಲಾಗಿ ನಿಂತ ಕೋಣೆಗಳು. ಒಂದು ಕುಟುಂಬಕ್ಕೆ ಒಂದು ಕೋಣೆ, ಅದರೊಳಗೇ ಒಲೆ, ಮುಂದೆ ಸಾಲಿಗೆಲ್ಲ ಒಂದೇ ಜಗಲಿ. ಹಳೆಯ ಲೈನ್‌ಗಳಲ್ಲಿ ಒಬ್ಬರ ಒಲೆಯ ಹೊಗೆ ಪಕ್ಕದವರ ಸೂರಿಗೆ ನುಗ್ಗುತ್ತಿತ್ತು, ಒಬ್ಬರ ಮಗುವಿನ ಕೆಮ್ಮು ಸಾಲಿಗೆಲ್ಲ ಕೇಳುತ್ತಿತ್ತು. ಊರಿನಿಂದ ದೂರದ, ಮಲೇರಿಯಾ ಕಾಡುತ್ತಿದ್ದ ಕಣಿವೆಗಳಲ್ಲಿ ಆಳು ನಿಲ್ಲಬೇಕಾದರೆ ಸೂರು ಬೇಕೇ ಬೇಕಿತ್ತು. ಆದ್ದರಿಂದ ಈ ಮನೆಗಳನ್ನು ದಯೆಯ ಲೆಕ್ಕಕ್ಕೂ ಕ್ರೌರ್ಯದ ಲೆಕ್ಕಕ್ಕೂ ಸೇರಿಸದೆ, ಪಲ್ಪಿಂಗ್ ಯಂತ್ರದಂತೆ, ಕಾಫಿ ಒಣಗಿಸುವ ಕಣದಂತೆ ಎಸ್ಟೇಟಿನ ಒಂದು ಉಪಕರಣವೆಂದು ತಿಳಿಯುವುದು ಹೆಚ್ಚು ಸರಿ.

ಆದರೆ ಈ ಉಪಕರಣದೊಳಗೆ ಜನ ಬದುಕುತ್ತಿದ್ದರು. ಪಟ್ಟಣದ ಬಾಡಿಗೆ ಮನೆಯವನು ಕೆಲಸ ಕಳೆದುಕೊಂಡರೆ ಇನ್ನೊಂದು ಕೆಲಸ ಹುಡುಕುತ್ತಾನೆ, ಮನೆ ಹಾಗೇ ಇರುತ್ತದೆ. ಲೈನ್ ಮನೆಯವನಿಗೆ ಕೆಲಸ ಹೋದರೆ ಸೂರೂ ಹೋಗುತ್ತದೆ, ಮಕ್ಕಳ ಶಾಲೆಯೂ ಬದಲಾಗುತ್ತದೆ, ಎಷ್ಟೋ ಸಲ ವಿಳಾಸವೇ ಇಲ್ಲದಾಗುತ್ತದೆ. ಮನೆ ಉಳಿಸಿಕೊಳ್ಳಲೆಂದೇ ತಂದೆ ನಿವೃತ್ತನಾಗುವ ಹೊತ್ತಿಗೆ ಮಗನನ್ನೋ ಸೊಸೆಯನ್ನೋ ಚೆಕ್‌ರೋಲಿಗೆ (ಕಾರ್ಮಿಕರ ಹಾಜರಿ ಪಟ್ಟಿಗೆ) ಸೇರಿಸುವುದು ಎಸ್ಟೇಟುಗಳಲ್ಲಿ ಬಳಕೆಯ ಮಾತು. 2016ರ ಡಿಸೆಂಬರಿನಲ್ಲಿ ಕೊಡಗಿನ ದಿಡ್ಡಳ್ಳಿಯ ಅರಣ್ಯದಂಚಿನಿಂದ 500ಕ್ಕೂ ಹೆಚ್ಚು ಆದಿವಾಸಿ ಕುಟುಂಬಗಳ ಗುಡಿಸಲುಗಳನ್ನು ತೆರವುಗೊಳಿಸಿದಾಗ ರಾಜ್ಯವೆಲ್ಲ ಅತ್ತ ನೋಡಿತು. ಆ ಕುಟುಂಬಗಳಲ್ಲಿ ಹಲವು ಲೈನ್ ಮನೆ ಬಿಟ್ಟು, ತಮ್ಮದೇ ಒಂದು ಜಾಗ ಬೇಕೆಂದು ಅಲ್ಲಿಗೆ ಬಂದಿದ್ದವು. ಮುಂದೆ ಸರ್ಕಾರ ಬಸವನಹಳ್ಳಿ ಮತ್ತು ಬ್ಯಾಡಗೊಟ್ಟದಲ್ಲಿ ಅವರಿಗೆ ಪುನರ್ವಸತಿ ಕಲ್ಪಿಸಿತು.

1951ರ ಕಾಯ್ದೆ ಏನು ಮಾಡಿತು

ಈ ಹಿನ್ನೆಲೆಯಲ್ಲಿ ನೋಡಿದರೆ 1951ರ ಕಾಯ್ದೆಯ ತರ್ಕ ಸ್ಪಷ್ಟವಾಗುತ್ತದೆ. ಕಾರ್ಮಿಕನು ಎಸ್ಟೇಟಿನೊಳಗೇ ವಾಸಿಸುತ್ತಾನೆ, ಊರು ಮತ್ತು ಪೇಟೆ ದೂರ. ಹಾಗಾದರೆ ಊರು ಕೊಡಬೇಕಾದದ್ದನ್ನೆಲ್ಲ ಎಸ್ಟೇಟೇ ಕೊಡಬೇಕು. ಚಹಾ, ಕಾಫಿ, ರಬ್ಬರ್, ಕ್ವಿನೈನ್ ಕೊಡುವ ಸಿಂಕೋನಾ ತೋಟಗಳಿಗೂ ಮುಂದೆ ಏಲಕ್ಕಿಗೂ ಅನ್ವಯಿಸಿದ ಈ ಕಾಯ್ದೆ ವಸತಿ, ಕುಡಿಯುವ ನೀರು, ಶೌಚಾಲಯ, ವೈದ್ಯಕೀಯ ಸೌಲಭ್ಯಗಳನ್ನು ಮಾಲೀಕನ ಹೊಣೆ ಮಾಡಿತು. 150 ಅಥವಾ ಹೆಚ್ಚು ಮಂದಿ ದುಡಿಯುವಲ್ಲಿ ಕ್ಯಾಂಟೀನು, 50 ಅಥವಾ ಹೆಚ್ಚು ಮಹಿಳೆಯರಿರುವಲ್ಲಿ ಶಿಶುವಿಹಾರ, 6ರಿಂದ 12 ವರ್ಷದ 25ಕ್ಕಿಂತ ಹೆಚ್ಚು ಮಕ್ಕಳಿದ್ದರೆ ಕಲಿಕೆಯ ಏರ್ಪಾಡು ಅದರಲ್ಲಿದ್ದವು. ಛತ್ರಿ, ಕಂಬಳಿ, ಮಳೆಯಂಗಿ ಕೊಡಿಸುವ ಬಗ್ಗೆ ಒಂದು ಪ್ರತ್ಯೇಕ ಕಲಮೇ ಇತ್ತು. ಆಷಾಢದ ಮಳೆಯಲ್ಲಿ ತೋಟದ ಕೆಲಸ ನಡೆಯುವುದನ್ನು ಕಂಡವರಿಗೆ ಆ ಕಲಮಿನ ಬೆಲೆ ಗೊತ್ತು.

ಮೊದಲಿಗೆ 25 ಎಕರೆ ಮತ್ತು 30 ಕಾರ್ಮಿಕರಿದ್ದ ತೋಟಗಳಿಗೆ ಅನ್ವಯಿಸುತ್ತಿದ್ದ ಕಾಯ್ದೆಯನ್ನು 1981ರ ತಿದ್ದುಪಡಿ 5 ಹೆಕ್ಟೇರ್ ಮತ್ತು 15 ಕಾರ್ಮಿಕರ ಮಟ್ಟಕ್ಕೆ ಇಳಿಸಿತು. ವಾರದ ದುಡಿಮೆಯ ಮಿತಿ 54 ಗಂಟೆಯಿಂದ 48ಕ್ಕೆ ಬಂತು.

ಸಿಲೋನಿನಿಂದ ಸುಳ್ಯಕ್ಕೆ

ಕಂಗಾಣಿಗಳು ಕರೆದೊಯ್ದವರ ಮೊಮ್ಮಕ್ಕಳಲ್ಲಿ ಒಂದು ಭಾಗ ಕರ್ನಾಟಕಕ್ಕೆ ಬಂದಿದೆ ಎಂಬುದು ಹಲವರಿಗೆ ತಿಳಿಯದ ಸಂಗತಿ. 1869ರಲ್ಲಿ ಕಾಣಿಸಿಕೊಂಡ ಎಲೆತುಕ್ಕು ರೋಗ ಸಿಲೋನಿನ ಕಾಫಿಯನ್ನು ಮುಗಿಸಿತು, ಅದೇ ಬೆಟ್ಟಗಳಲ್ಲಿ ಚಹಾ ಬಂತು. ಕಾಫಿಗೆ ಆಳು ಮುಖ್ಯವಾಗಿ ಬೇಕಿದ್ದದ್ದು ಕುಯ್ಲಿನಲ್ಲಿ. ಚಹಾ ಎಲೆಯನ್ನು ವರ್ಷವಿಡೀ ಕೀಳಬೇಕು. ಹೀಗೆ ಹೋಗಿಬರುತ್ತಿದ್ದ ತಮಿಳು ಕುಟುಂಬಗಳು ಅಲ್ಲೇ ನೆಲೆನಿಂತವು. ಸ್ವತಂತ್ರ ಸಿಲೋನಿನ 1948ರ ಪೌರತ್ವ ಕಾಯ್ದೆ ಅವರಲ್ಲಿ ಹೆಚ್ಚಿನವರನ್ನು ಹೊರಗಿಟ್ಟಿತು. 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿ ಮತ್ತು ಸಿರಿಮಾವೊ ಬಂಡಾರನಾಯಕೆ ಮಾಡಿಕೊಂಡ ಒಪ್ಪಂದದಂತೆ 5,25,000 ಮಂದಿ ಭಾರತಕ್ಕೆ ಬರಬೇಕಾಯಿತು, 3 ಲಕ್ಷ ಮಂದಿಗೆ ಅಲ್ಲೇ ಪೌರತ್ವ ಸಿಗಬೇಕಾಯಿತು. ಭಾರತಕ್ಕೆ ಬಂದವರಲ್ಲಿ ಕೆಲವರನ್ನು ದಕ್ಷಿಣ ಕನ್ನಡದ ಸುಳ್ಯ, ಪುತ್ತೂರು ಭಾಗದ ಕರ್ನಾಟಕ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಗಳಲ್ಲಿ ನೆಲೆಗೊಳಿಸಲಾಯಿತು. ಚಹಾ ಕೀಳುತ್ತಿದ್ದವರು ಮುಂಜಾನೆಯ ಮಬ್ಬಿನಲ್ಲಿ ರಬ್ಬರ್ ಮರದ ತೊಗಟೆ ಕೊಯ್ದು ಹಾಲು ಇಳಿಸುವುದನ್ನು ಕಲಿತರು.

ಈಗ ಬದಲಾಗಿರುವುದು

ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿ ಸಂಹಿತೆ ಈಗ 1951ರ ಕಾಯ್ದೆಯ ಜಾಗದಲ್ಲಿದೆ. 5 ಹೆಕ್ಟೇರಿನ ಅಳತೆ ಹಾಗೇ ಉಳಿದು, ಕಾರ್ಮಿಕರ ಸಂಖ್ಯೆಯ ಮಿತಿ 10ಕ್ಕೆ ಇಳಿದಿದೆ. ವಸತಿ, ಶಿಶುವಿಹಾರ, ಮಕ್ಕಳ ಕಲಿಕೆ, ಆರೋಗ್ಯದ ಏರ್ಪಾಡುಗಳ ಪ್ರಸ್ತಾಪ ಸಂಹಿತೆಯಲ್ಲೂ ಇದೆ. ಕೀಟನಾಶಕ ಮೊದಲಾದ ವಿಷವಸ್ತುಗಳನ್ನು ಬಳಸುವಾಗಿನ ಸುರಕ್ಷತೆಯೂ ಅದರಲ್ಲಿ ಸೇರಿದೆ. ಮುಖ್ಯ ವ್ಯತ್ಯಾಸವೆಂದರೆ, ಈ ಸೌಲಭ್ಯಗಳನ್ನು ಮಾಲೀಕನು ತನ್ನ ಹಣದಿಂದಲೇ ಒದಗಿಸಬೇಕೆಂದಿಲ್ಲ. ಕೇಂದ್ರ, ರಾಜ್ಯ, ಪುರಸಭೆ ಅಥವಾ ಪಂಚಾಯಿತಿಯ ಯೋಜನೆಗಳ ಮೂಲಕವೂ ಒದಗಿಸಬಹುದು. ಎಸ್ಟೇಟು ಊರಿನಿಂದ ಹೊರಗಿದೆ ಎಂಬ ಹಳೆಯ ಎಣಿಕೆಯನ್ನು ಬಿಟ್ಟು, ಊರಿನ ಸರ್ಕಾರ ಎಸ್ಟೇಟಿನೊಳಗೂ ಬರುತ್ತದೆ ಎಂಬ ಎಣಿಕೆಯ ಮೇಲೆ ಹೊಸ ಕಾನೂನು ನಿಂತಿದೆ. ಒಂದು ಲೈನ್ ಮನೆಯ ಸೂರು ಸೋರಿದಾಗ ಹೇಳಿಕೊಳ್ಳಬೇಕಾದದ್ದು ಮಾಲೀಕನ ಬಂಗಲೆಯಲ್ಲೋ ಪಂಚಾಯಿತಿಯಲ್ಲೋ ಎಂಬ ಪ್ರಶ್ನೆ ಹುಟ್ಟುವುದು ಇಲ್ಲಿಯೇ.

ಕಾನೂನಿನ ಗೆರೆಯಾಚೆ ಇರುವವರೂ ಕಡಿಮೆಯಿಲ್ಲ. ಭಾರತದ ಕಾಫಿಯಲ್ಲಿ ಸುಮಾರು ಶೇ 70ರಷ್ಟು ಕರ್ನಾಟಕದ್ದು, ಆದರೆ ದೇಶದ ಬೆಳೆಗಾರರಲ್ಲಿ ಶೇ 98ರಷ್ಟು ಮಂದಿ 10 ಹೆಕ್ಟೇರಿಗಿಂತ ಕಡಿಮೆ ತೋಟವಿರುವ ಸಣ್ಣವರು. ನಾಲ್ಕೈದು ಎಕರೆಯ ಬೆಳೆಗಾರನಿಗೆ ಈ ಕಾನೂನು ತಾಗುವುದೇ ಇಲ್ಲ, ಅವನಲ್ಲಿ ದುಡಿಯುವವಳಿಗೆ ಅದರ ನೆರಳೂ ಇಲ್ಲ. ಬೆಳೆ ಒಂದೇ, ಕೈಗಳು ಬಿಡಿಸುವ ಹಣ್ಣೂ ಅದೇ. ಬೇಲಿಯ ಯಾವ ಬದಿಯಲ್ಲಿ ಬಿಡಿಸಿದಳು ಎಂಬುದರ ಮೇಲೆ ಹಕ್ಕು ಬೇರೆಯಾಗುತ್ತದೆ.

ಬಿಡಿಸುವ ಕೈಗಳೂ ಬದಲಾಗಿವೆ. ತುಳುನಾಡಿನಿಂದ ಈಗ ಘಟ್ಟ ಹತ್ತಿ ಬರುವವರು ವಿರಳ, ಲೈನ್ ಮನೆಗಳ ಮಕ್ಕಳು ಓದಿ ಪೇಟೆ ಸೇರುತ್ತಿದ್ದಾರೆ. ಅಸ್ಸಾಂ, ಪಶ್ಚಿಮ ಬಂಗಾಳ, ಜಾರ್ಖಂಡ್‌ಗಳಿಂದ ಬಂದ ಕುಟುಂಬಗಳು ಅದೇ ಲೈನ್‌ಗಳಲ್ಲಿ ಉಳಿದು ಕುಯ್ಲು ಮಾಡುತ್ತಿವೆ. ಗುತ್ತಿಗೆದಾರನ ಮೂಲಕ ಬಂದವರನ್ನಷ್ಟೇ ಅಂತರರಾಜ್ಯ ವಲಸೆ ಕಾರ್ಮಿಕರೆಂದು ಹಳೆಯ ಕಾನೂನು ಗುರುತಿಸುತ್ತಿತ್ತು. ತಾವಾಗಿಯೇ ಬಂದು ಕೆಲಸಕ್ಕೆ ಸೇರಿದವರನ್ನೂ ಹೊಸ ಸಂಹಿತೆ ಅದರಲ್ಲಿ ಸೇರಿಸಿದೆ, ಊರಿಗೆ ಹೋಗಿಬರುವ ಪ್ರಯಾಣ ಭತ್ಯೆಯ ಪ್ರಸ್ತಾಪವನ್ನೂ ಮಾಡಿದೆ. ಆದರೆ ತಾವಾಗಿಯೇ ಬರುವವರೂ ಸಾಮಾನ್ಯವಾಗಿ ಒಂಟಿಯಾಗಿ ಬರುವುದಿಲ್ಲ. ಕುಯ್ಲಿನ ಮುಂಚೆ ಮಾಲೀಕರಿಗೆ ಫೋನ್ ಮಾಡಿ ಎಷ್ಟು ಜನ ಬೇಕೆಂದು ಕೇಳುವ, ಮುಂಗಡ ಪಡೆದು ಊರಿನಲ್ಲಿ ಹಂಚುವ, ರೈಲಿನಲ್ಲಿ ಗುಂಪನ್ನು ಕರೆತರುವ, ಸಂಜೆ ತೂಕದ ಜಾಗದಲ್ಲಿ ತನ್ನವರ ಕೆ.ಜಿ. ಲೆಕ್ಕವನ್ನು ರೈಟರ್ ಜೊತೆ ನೋಡುವ ಒಬ್ಬನು ಅವರಲ್ಲಿ ಇರುತ್ತಾನೆ. ಅವನಿಗೆ ಕನ್ನಡ ಅಷ್ಟಕ್ಕಷ್ಟೆ. ತೋಟದವರು ಅವನನ್ನು ಕರೆಯುವುದು ಮಾತ್ರ ಮೇಸ್ತ್ರಿ ಎಂದೇ.